ಮೊದಲ ವೆಬ್‌ಸೈಟನ್ನು ಮತ್ತೆ ಕಟ್ಟಿದವರು, ಮತ್ತು ನಮ್ಮ ಚರ್ಚಿನ ಒಂದು ಹಳೆಯ ಸಿಡಿ



ಕಳೆದ ನವೆಂಬರಿನಲ್ಲಿ ಸಕಲ ಮೃತರ ಸ್ಮರಣೆಯ ದಿನ, ಸಿಮೆಟ್ರಿಯಲ್ಲಿ ಸಮಾಧಿಗಳ ಆಶೀರ್ವಾದ ಮುಗಿದ ಮೇಲೆ, ನಮ್ಮ ಚರ್ಚಿನ ಒಬ್ಬ ಆಂಟಿ ನಮ್ಮ ಕೈಗೆ ಒಂದು ಸಿಡಿ ಕೊಟ್ಟರು. ಅವರ ತಂದೆ ಗಲ್ಫಿನಿಂದ ಊರಿಗೆ ಮರಳಿದ ಮೇಲೆ, 2004ರಲ್ಲಿ, ತಾವೇ ಕಲಿತು ಒಂದು ವೆಬ್‌ಸೈಟ್ ಮಾಡಿದ್ದರು. ಅದರಲ್ಲಿ ಅವರ ಮನೆಯ ಫೋಟೊಗಳಿದ್ದವು, ಚರ್ಚಿನ ಬಗ್ಗೆ ಹಿರಿಯರು ಹೇಳಿದ ಸಂಗತಿಗಳಿದ್ದವು. ಕೊನೆಯ ಪುಟದಲ್ಲಿ ನಮ್ಮ ಸಿಮೆಟ್ರಿಯಲ್ಲಿ ಮಲಗಿರುವವರ ಹೆಸರುಗಳಿದ್ದವು. ಒಂದೊಂದು ಹೆಸರಿನ ಮುಂದೆ ಮನೆಯ ಹೆಸರು, ಊರವರು ಕರೆಯುತ್ತಿದ್ದ ಅಡ್ಡಹೆಸರು, ಮಾಡುತ್ತಿದ್ದ ಕೆಲಸ. ಸೈಟ್ ಇದ್ದ ಉಚಿತ ಜಾಗ ಎಂದೋ ಮುಚ್ಚಿಹೋಗಿತ್ತು. ಅವರೂ ತೀರಿಕೊಂಡರು. ಉಳಿದದ್ದು ಆ ಸಿಡಿ ಮಾತ್ರ.

ನಮ್ಮ ಸಿಮೆಟ್ರಿಯಲ್ಲಿ ಜಾಗ ಕಡಿಮೆ. ಕೆಲವು ವರ್ಷಗಳಾದ ಮೇಲೆ ಅದೇ ಗುಂಡಿ ಇನ್ನೊಬ್ಬರಿಗೆ ಬೇಕಾಗುತ್ತದೆ, ಮರದ ಶಿಲುಬೆ ತೆಗೆದಿಡುತ್ತಾರೆ. ಚರ್ಚಿನ ಮರಣ ದಾಖಲೆಯಲ್ಲಿ ಹೆಸರು ಮತ್ತು ತಾರೀಕು ಇದೆ, ನಿಜ. ಆದರೆ ಒಂದೇ ಹೆಸರು, ಒಂದೇ ಸರ್‌ನೇಮ್ ಇರುವ ನಾಲ್ಕು ಜನರಲ್ಲಿ ಬಾವಿ ತೋಡುತ್ತಿದ್ದವರು ಯಾರು, ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುತ್ತಿದ್ದವರು ಯಾರು ಎಂಬುದು ಆ ಪುಟದಲ್ಲಿ ಮಾತ್ರ ಇದೆ.

ಎರಡು ಭಾನುವಾರದ ಕೆಲಸ ಎಂದುಕೊಂಡೆವು. ಡ್ರೈವ್ ಇರುವ ಕಂಪ್ಯೂಟರ್ ಹುಡುಕಲಿಕ್ಕೇ ಒಂದು ವಾರ ಹಿಡಿಯಿತು. ಆಮೇಲೆ ಒಂದು ಸಿದ್ಧ ಟೆಂಪ್ಲೇಟ್ ತೆಗೆದುಕೊಂಡು, ಅವರ ವಾಕ್ಯಗಳನ್ನು ತಿದ್ದಿ ಚಿಕ್ಕದು ಮಾಡಿ, ಹೊಸ ಫೋಟೊಗಳನ್ನು ಹಾಕಿ, ಆಂಟಿಗೆ ತೋರಿಸಿದೆವು. ಅವರು ಫೋನಿನಲ್ಲಿ ಮೇಲೆ ಕೆಳಗೆ ಸರಿಸಿ ನೋಡಿ, "ಚಂದ ಆಗಿದೆ ಮಕ್ಕಳೇ. ಆದರೆ ಇದರಲ್ಲಿ ಪಪ್ಪ ಎಲ್ಲಿದ್ದಾರೆ?" ಎಂದು ಕೇಳಿದರು.

ನಮ್ಮ ಬಳಿ ಉತ್ತರವಿರಲಿಲ್ಲ. ಆಗ ಕೆಲಸ ನಿಲ್ಲಿಸಿ, ಹಳೆಯ ವೆಬ್‌ಸೈಟುಗಳನ್ನು ಬೇರೆಯವರು ಹೇಗೆ ಮತ್ತೆ ಕಟ್ಟಿದ್ದಾರೆ ಎಂದು ಓದತೊಡಗಿದೆವು. ಓದಿದ ಚರಿತ್ರೆಯನ್ನು ನಿಮ್ಮೊಂದಿಗೂ ಹಂಚಿಕೊಳ್ಳುತ್ತಿದ್ದೇವೆ.

ಜಗತ್ತಿನ ಮೊದಲ ವೆಬ್‌ಸೈಟೇ ಕಳೆದುಹೋಗಿತ್ತು

ಸ್ವಿಟ್ಜರ್ಲೆಂಡಿನ ಜಿನೀವಾ ಬಳಿ ಸರ್ನ್ ಎಂಬ ಭೌತವಿಜ್ಞಾನ ಸಂಶೋಧನಾ ಕೇಂದ್ರವಿದೆ. ಅಲ್ಲಿ ಕೆಲಸ ಮಾಡುತ್ತಿದ್ದ ಟಿಮ್ ಬರ್ನರ್ಸ್-ಲೀ 1989ರ ಮಾರ್ಚಿನಲ್ಲಿ ಒಂದು ಯೋಜನೆ ಬರೆದುಕೊಟ್ಟರು. ಬೇರೆ ಬೇರೆ ದೇಶಗಳ ವಿಜ್ಞಾನಿಗಳು ಬೇರೆ ಬೇರೆ ಕಂಪ್ಯೂಟರುಗಳಲ್ಲಿ ಇಟ್ಟಿರುವ ಮಾಹಿತಿಯನ್ನು ಒಂದಕ್ಕೊಂದು ಕೊಂಡಿ ಹಾಕಿ ಜೋಡಿಸುವುದು ಅದರ ಉದ್ದೇಶ. 1990ರ ಕೊನೆಯ ಹೊತ್ತಿಗೆ ನೆಕ್ಸ್ಟ್ ಎಂಬ ಕಪ್ಪು ಕಂಪ್ಯೂಟರಿನಲ್ಲಿ ಮೊದಲ ಬ್ರೌಸರ್, ಮೊದಲ ಸರ್ವರ್, ಮೊದಲ ಪುಟಗಳು ಎಲ್ಲವೂ ಸಿದ್ಧವಾದವು. ಬೆಲ್ಜಿಯಂನ ರಾಬರ್ಟ್ ಕಾಯೋ ಅವರಿಗೆ ಜೊತೆಯಾದರು. ಆ ಕಂಪ್ಯೂಟರ್ ಆಫ್ ಆದರೆ ಆಗಿನ ಇಡೀ ವೆಬ್ಬೇ ಆಫ್! ಆದ್ದರಿಂದ ಅದರ ಮೇಲೆ ಒಂದು ಚೀಟಿ ಅಂಟಿಸಿ, ಇದು ಸರ್ವರ್, ಆಫ್ ಮಾಡಬೇಡಿ ಎಂಬ ಎಚ್ಚರಿಕೆಯನ್ನು ಕೆಂಪು ಶಾಯಿಯಲ್ಲಿ ಬರೆದಿದ್ದರು.

1993ರ ಏಪ್ರಿಲ್ 30ರಂದು ಸರ್ನ್ ಈ ತಂತ್ರಜ್ಞಾನವನ್ನು ಯಾರಿಂದಲೂ ಹಣ ಕೇಳದೆ ಎಲ್ಲರಿಗೂ ಬಿಟ್ಟುಕೊಟ್ಟಿತು. ಇಂದು ನಮ್ಮ ಚರ್ಚಿನಂಥ ಒಂದು ಸಣ್ಣ ಚರ್ಚ್ ಕೂಡ ಯಾರ ಅನುಮತಿಯೂ ಇಲ್ಲದೆ ವೆಬ್‌ಸೈಟ್ ಮಾಡಬಹುದಾದದ್ದು ಆ ದಿನದ ತೀರ್ಮಾನದಿಂದ.

ಆದರೆ ಆ ಮೊದಲ ಪುಟಗಳನ್ನು ಯಾರೂ ಜೋಪಾನ ಮಾಡಿರಲಿಲ್ಲ. ಬರ್ನರ್ಸ್-ಲೀ ಪುಟವನ್ನು ತಿದ್ದುತ್ತಿದ್ದರು, ಹೊಸದು ಹಳೆಯದರ ಮೇಲೆ ಕುಳಿತುಕೊಳ್ಳುತ್ತಿತ್ತು. ನಾವು ಕಪ್ಪು ಹಲಗೆ ಒರಸಿ ಬರೆಯುವ ಹಾಗೆ. ಇದು ಮುಂದೆ ಚರಿತ್ರೆಯಾಗುತ್ತದೆ ಎಂದು ಆಗ ಯಾರಿಗೆ ಗೊತ್ತಿತ್ತು?

ಸರಿಯಾಗಿ 20 ವರ್ಷಗಳ ಬಳಿಕ, 2013ರ ಏಪ್ರಿಲ್ 30ರಂದು, ಸರ್ನ್ ಮೊದಲ ವೆಬ್‌ಸೈಟನ್ನು ಮತ್ತೆ ಕಟ್ಟುವ ಕೆಲಸವನ್ನು ಪ್ರಕಟಿಸಿತು. ಡ್ಯಾನ್ ನಾಯ್ಸ್ ಅದನ್ನು ಮುನ್ನಡೆಸಿದರು. ಅವರ ಕೈಗೆ ಸಿಕ್ಕಿದ ಹಳೆಯ ಪ್ರತಿ 1992ರದ್ದು. ಅವರು ಅದಕ್ಕೆ ಬಣ್ಣ ಬಳಿಯಲಿಲ್ಲ, ಚಿತ್ರ ಸೇರಿಸಲಿಲ್ಲ. ಪುಟಗಳನ್ನು ಇದ್ದ ಹಾಗೆಯೇ, ಇದ್ದ ವಿಳಾಸಕ್ಕೇ ಮರಳಿ ತಂದರು. ಇಂದಿಗೂ ಇನ್ಫೋ ಡಾಟ್ ಸರ್ನ್ ಡಾಟ್ ಸಿಎಚ್ ಎಂಬ ವಿಳಾಸಕ್ಕೆ ಹೋದರೆ ಆ ಪುಟ ನಿಮ್ಮ ಮೊಬೈಲಿನಲ್ಲೂ ತೆರೆಯುತ್ತದೆ. ಬಿಳಿಯ ಹಾಳೆ, ಕಪ್ಪು ಅಕ್ಷರ, ಕೆಲವು ಕೊಂಡಿಗಳು, ಅಷ್ಟೇ. ಮೂವತ್ತು ವರ್ಷ ಹಿಂದಿನ ಪುಟ ಇಂದಿನ ಫೋನಿನಲ್ಲಿ ತೊಂದರೆಯಿಲ್ಲದೆ ತೆರೆಯುವುದನ್ನು ನೋಡಿ ನಾವು ಬೆರಗಾದೆವು. ನಮ್ಮ ಕಾಲೇಜಿನ ಪ್ರಾಜೆಕ್ಟ್ ಫೈಲುಗಳು ಐದು ವರ್ಷಕ್ಕೇ ತೆರೆಯುವುದಿಲ್ಲ!

ಈ ಸುದ್ದಿ ಹರಡಿದಾಗ ಅಮೆರಿಕದ ನಾರ್ತ್ ಕೆರೊಲೈನಾ ವಿಶ್ವವಿದ್ಯಾಲಯದ ಪಾಲ್ ಜೋನ್ಸ್ ಎಂಬ ಅಧ್ಯಾಪಕರು, ತಮ್ಮ ಬಳಿ ಇನ್ನೂ ಹಳೆಯ ಪ್ರತಿ ಇದೆ ಎಂದು ಮುಂದೆ ಬಂದರು. ಅದು 1991ರಲ್ಲಿ ಬರ್ನರ್ಸ್-ಲೀ ಅವರಿಂದಲೇ ಪಡೆದುಕೊಂಡದ್ದು. ಹುಟ್ಟಿದ ಮನೆಯಲ್ಲಿ ಇಲ್ಲದ್ದು ಸ್ನೇಹಿತರ ಮನೆಯಲ್ಲಿ ಉಳಿದಿತ್ತು.

ಐದು ದಿನದಲ್ಲಿ ಹಳೆಯ ಬ್ರೌಸರ್

ಪುಟ ಸಿಕ್ಕಿತು. ಆದರೆ ಆಗಿನವರು ಅದನ್ನು ಹೇಗೆ ನೋಡುತ್ತಿದ್ದರು? 2013ರ ಸೆಪ್ಟೆಂಬರಿನಲ್ಲಿ ಹತ್ತು ಹನ್ನೆರಡು ಮಂದಿ ಸರ್ನ್‌ನಲ್ಲಿ ಸೇರಿ, ಹಳೆಯ ಲೈನ್ ಮೋಡ್ ಬ್ರೌಸರಿನ ಅನುಭವವನ್ನು ಇಂದಿನ ಬ್ರೌಸರಿನೊಳಗೆ ಮತ್ತೆ ಮೂಡಿಸಿದರು. ಆ ಮೂಲ ಬ್ರೌಸರನ್ನು ಬರೆದವರು ನಿಕೋಲಾ ಪೆಲೋ, ತರಬೇತಿಗೆಂದು ಸರ್ನ್‌ಗೆ ಬಂದಿದ್ದ ಒಬ್ಬ ವಿದ್ಯಾರ್ಥಿನಿ. ಅದರಲ್ಲಿ ಮೌಸ್ ಬೇಕಿರಲಿಲ್ಲ. ಪ್ರತಿ ಕೊಂಡಿಗೂ ಒಂದು ಸಂಖ್ಯೆ, ಆ ಸಂಖ್ಯೆ ಒತ್ತಿದರೆ ಮುಂದಿನ ಪುಟ. ನೆಕ್ಸ್ಟ್‌ನಂಥ ದುಬಾರಿ ಕಂಪ್ಯೂಟರ್ ಇಲ್ಲದವರೂ ವೆಬ್ ನೋಡುವಂತಾದದ್ದು ಈ ಹುಡುಗಿಯ ಕೆಲಸದಿಂದ. ನಮ್ಮ ಯುವತಿಯರು ಈ ಹೆಸರನ್ನು ನೆನಪಿಟ್ಟುಕೊಳ್ಳಲಿ.

ಬಳಿಕ 2019ರ ಫೆಬ್ರವರಿಯಲ್ಲಿ, ವೆಬ್‌ಗೆ 30 ವರ್ಷ ತುಂಬುವ ಹೊತ್ತಿಗೆ, ರೆಮಿ ಶಾರ್ಪ್, ಜೆರೆಮಿ ಕೀತ್, ಕಿಂಬರ್ಲಿ ಬ್ಲೆಸಿಂಗ್, ಆಂಜೆಲಾ ರಿಚ್ಚಿ ಮೊದಲಾದ ಒಂಬತ್ತು ಮಂದಿ ಮತ್ತೆ ಅಲ್ಲಿ ಸೇರಿದರು. ಬರ್ನರ್ಸ್-ಲೀ 1990ರಲ್ಲಿ ಬರೆದ ಮೂಲ ಬ್ರೌಸರನ್ನು ಐದೇ ದಿನಗಳಲ್ಲಿ ಇಂದಿನ ಜಾವಾಸ್ಕ್ರಿಪ್ಟ್ ಬಳಸಿ ಮತ್ತೆ ಕಟ್ಟಿದರು. ಉಪಕರಣ ಎಲ್ಲವೂ ಹೊಸದು. ಆದರೆ ಹಳೆಯದರ ತೊಡಕುಗಳನ್ನೂ ಅವರು ಹಾಗೆಯೇ ಉಳಿಸಿದರು. ಕೊಂಡಿ ತೆರೆಯಲು ಎರಡು ಸಲ ಕ್ಲಿಕ್ ಮಾಡಬೇಕು. ಮೇಲೆ ವಿಳಾಸ ಬರೆಯುವ ಪಟ್ಟಿ ಇಲ್ಲ, ಮೆನುವಿನೊಳಗೆ ಹುಡುಕಬೇಕು. ಆಗಿನ ತೆರೆಯ ಅಕ್ಷರಗಳ ರೂಪವನ್ನೂ ಬಿಡಲಿಲ್ಲ. ಆ ಬ್ರೌಸರಿನಲ್ಲಿ ಓದುವುದಷ್ಟೇ ಅಲ್ಲ, ಅಲ್ಲೇ ಬರೆಯಲೂ ಆಗುತ್ತಿತ್ತು ಎಂಬುದು ಇದರಿಂದ ಇಂದಿನವರಿಗೆ ಕಣ್ಣಾರೆ ಕಾಣಿಸಿತು. ವೆಬ್ ಶುರುವಾದದ್ದು ಎಲ್ಲರೂ ಬರೆಯಲಿ ಎಂಬ ಆಸೆಯಿಂದ.

ಇಲ್ಲಿ ನಮ್ಮ ತಪ್ಪು ನಮಗೆ ಗೊತ್ತಾಯಿತು. ಅವರು ಹೊಸ ಉಪಕರಣವನ್ನು ಹಳೆಯದನ್ನು ತೋರಿಸಲು ಬಳಸಿದರು. ನಾವು ಅದೇ ಉಪಕರಣದಿಂದ ಹಳೆಯದನ್ನು ಮುಚ್ಚಿದ್ದೆವು.

ಸಾಮಾನ್ಯ ಜನರ ಪುಟಗಳು

ಸರ್ನ್ ದೊಡ್ಡ ಸಂಸ್ಥೆ. ನಮ್ಮ ಹಿರಿಯರಂಥವರ ಸೈಟುಗಳ ಕಥೆ ಏನು? ಅದಕ್ಕೆ ಜಿಯೋಸಿಟೀಸ್‌ನ ಚರಿತ್ರೆ ನೋಡಬೇಕು. 1994ರಲ್ಲಿ ಅಮೆರಿಕದಲ್ಲಿ ಡೇವಿಡ್ ಬೋನೆಟ್ ಮತ್ತು ಜಾನ್ ರೆಜ್ನರ್ ಶುರುಮಾಡಿದ ಈ ಸೇವೆ, ಯಾರಿಗಾದರೂ ಸ್ವಂತ ಪುಟ ಮಾಡಲು ಉಚಿತವಾಗಿ ಜಾಗ ಕೊಡುತ್ತಿತ್ತು. ಗೃಹಿಣಿಯರು, ಶಾಲಾ ಮಕ್ಕಳು, ನಿವೃತ್ತರು ಅಲ್ಲಿ ತಮ್ಮ ನಾಯಿ, ತಮ್ಮ ತೋಟ, ತಮ್ಮ ನಂಬಿಕೆ, ತೀರಿಕೊಂಡ ಮಗುವಿನ ನೆನಪು, ಎಲ್ಲವನ್ನೂ ಬರೆದರು. ಮಿನುಗುವ ನಕ್ಷತ್ರಗಳು, ಓಡುವ ಅಕ್ಷರಗಳು, ಎಷ್ಟು ಜನ ಬಂದರು ಎಂದು ಎಣಿಸುವ ಕೌಂಟರ್, ಅತಿಥಿಗಳ ಪುಸ್ತಕ. 1999ರಲ್ಲಿ ಯಾಹೂ ಅದನ್ನು ಕೊಂಡುಕೊಂಡಿತು. 2009ರ ಅಕ್ಟೋಬರ್ 26ರಂದು ಮುಚ್ಚಿತು.

ಮುಚ್ಚುವ ಸುದ್ದಿ ಬಂದ ಮೇಲೆ ಜೇಸನ್ ಸ್ಕಾಟ್ ಮತ್ತು ಆರ್ಕೈವ್ ಟೀಮ್ ಎಂಬ ಸ್ವಯಂಸೇವಕರ ಗುಂಪು ಹಗಲೂ ರಾತ್ರಿ ಪುಟಗಳನ್ನು ಇಳಿಸಿಕೊಂಡಿತು. ಮರುವರ್ಷ ಅವರು 600 ಜಿಬಿಗೂ ಹೆಚ್ಚಿನ ಆ ಸಂಗ್ರಹವನ್ನು ಎಲ್ಲರಿಗೂ ಬಿಡುಗಡೆ ಮಾಡಿದರು. 1996ರಿಂದ ವೆಬ್ ಪುಟಗಳನ್ನು ಕೂಡಿಡುತ್ತಿರುವ ಇಂಟರ್ನೆಟ್ ಆರ್ಕೈವ್ ಕೂಡ ಬಹಳಷ್ಟನ್ನು ಉಳಿಸಿತು. ಓಲ್ಯಾ ಲ್ಯಾಲಿನಾ ಮತ್ತು ಡ್ರಾಗನ್ ಎಸ್ಪೆನ್‌ಶೀಡ್ ಎಂಬ ಇಬ್ಬರು ಕಲಾವಿದರು ಆ ಪುಟಗಳನ್ನು ಆ ಕಾಲದ ಬ್ರೌಸರಿನಲ್ಲೇ ತೆರೆದು, ಒಂದೊಂದರ ಚಿತ್ರ ತೆಗೆದು ಜಗತ್ತಿಗೆ ತೋರಿಸಿದರು. ನಗೆಪಾಟಲು ಎಂದು ಜನ ಆಡಿಕೊಳ್ಳುತ್ತಿದ್ದ ಪುಟಗಳನ್ನು ಅವರು ಗೌರವದಿಂದ ನೋಡಿದರು.

ನಮ್ಮ ಸಿಡಿಯಲ್ಲೂ ಓಡುವ ಅಕ್ಷರಗಳಿದ್ದವು, ಉರಿಯುವ ಮೇಣದಬತ್ತಿಯ ಚಿತ್ರವಿತ್ತು. ನಾವು ಮೊದಲ ದಿನವೇ ನಕ್ಕು ಅಳಿಸಿದ್ದು ಅವನ್ನೇ. ಆ ಮೇಣದಬತ್ತಿ ಇದ್ದದ್ದು ಸತ್ತವರ ಪಟ್ಟಿಯ ಮೇಲೆ.

ಕನ್ನಡದವರಿಗೆ ಇನ್ನೊಂದು ಗಂಟು

ಇಂಗ್ಲಿಷ್ ಪುಟಕ್ಕೆ ಇಲ್ಲದ ಒಂದು ಕಷ್ಟ ನಮ್ಮದಕ್ಕಿತ್ತು. ಪಟ್ಟಿಯ ಪುಟ ತೆರೆದರೆ ಕನ್ನಡವೇ ಇರಲಿಲ್ಲ. ಇಂಗ್ಲಿಷ್ ಅಕ್ಷರ, ಪೌಂಡಿನ ಗುರುತು, ತಲೆಯ ಮೇಲೆ ಗೆರೆ ಇರುವ ಏನೇನೋ. ನುಡಿ ಫಾಂಟಿನ ಹಳೆಯ ಕಡತ ತೆರೆದವರಿಗೆ ಈ ನೋಟ ಗೊತ್ತಿರುತ್ತದೆ.

ಕಾರಣ ಇಷ್ಟೇ. ಆಗಿನ ಕನ್ನಡ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸುತ್ತಿದ್ದವು. ತಲೆಕಟ್ಟಿಲ್ಲದ ಕ ಒಂದು ತುಣುಕು, ತಲೆಕಟ್ಟು ಇನ್ನೊಂದು, ಒತ್ತಕ್ಷರ ಮತ್ತೊಂದು. ನುಡಿಯಲ್ಲಿ 'ಕನ್ನಡ' ಎಂದು ಬರೆಯಲು 7 ತುಣುಕು ಬೇಕು. ಫಾಂಟ್ ಇದ್ದರೆ ಕನ್ನಡ ಕಾಣುತ್ತದೆ. ಫಾಂಟ್ ಇಲ್ಲದಿದ್ದರೆ ಕಂಪ್ಯೂಟರಿಗೆ ಅದು ಇಂಗ್ಲಿಷ್ ಕಸ. 1998ರಲ್ಲಿ ಬಂದ ಬರಹ, ಆಮೇಲೆ ಬಂದ ನುಡಿ ಇಲ್ಲದಿದ್ದರೆ ಆ ಕಾಲದಲ್ಲಿ ಕನ್ನಡದಲ್ಲಿ ಟೈಪ್ ಮಾಡುವುದೇ ಅನೇಕರಿಗೆ ಸಾಧ್ಯವಿರಲಿಲ್ಲ. ಅವರ ಉಪಕಾರ ದೊಡ್ಡದು. ಆದರೆ ಆ ಬರವಣಿಗೆ ಫಾಂಟಿಗೆ ಕಟ್ಟುಬಿದ್ದಿತ್ತು.

ಯುನಿಕೋಡಿನಲ್ಲಿ ಹಾಗಲ್ಲ. 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಅದರಲ್ಲಿ ಸ್ವಂತ ಜಾಗವಿದೆ. 'ಕನ್ನಡ' ಎಂದರೆ ಕ, ನ, ವಿರಾಮ, ನ, ಡ ಎಂಬ 5 ಸಂಕೇತಗಳು. ಯಾವ ಫಾಂಟ್ ಹಾಕಿದರೂ ಅದು ಕನ್ನಡವೇ. ಹುಡುಕಬಹುದು. ಕಣ್ಣು ಕಾಣದವರಿಗೆ ಫೋನ್ ಓದಿ ಹೇಳಬಹುದು.

ಹಳೆಯದರಿಂದ ಹೊಸದಕ್ಕೆ ಬದಲಿಸುವಾಗ ಎಲ್ಲಕ್ಕಿಂತ ಕಾಡಿದ್ದು ಅರ್ಕಾವೊತ್ತು. ನುಡಿಯಲ್ಲಿ ಕಣ್ಣಿಗೆ ಕಾಣುವ ಕ್ರಮದಲ್ಲಿ ತುಣುಕುಗಳು ಬರುತ್ತವೆ. 'ಧರ್ಮ' ಬರೆಯಲು ಮೊದಲು ಧ, ಆಮೇಲೆ ಮ, ಕೊನೆಗೆ ಅರ್ಕಾವೊತ್ತು. ಯುನಿಕೋಡಿನಲ್ಲಿ ನಾವು ಉಚ್ಚರಿಸುವ ಕ್ರಮ. ಮ ಬರುವ ಮೊದಲೇ ರ ಬರಬೇಕು. ಕ್ರಮ ಬದಲಿಸದೆ ಬಿಟ್ಟರೆ 'ಧರ್ಮ' ಹೋಗಿ 'ಧಮರ್' ಆಗುತ್ತದೆ, 'ಕಾರ್ಯ' ಹೋಗಿ 'ಕಾಯರ್' ಆಗುತ್ತದೆ. ಹೆಸರುಗಳಲ್ಲೂ ಇದೇ ಗತಿ. ಸತ್ತವರ ಹೆಸರನ್ನು ತಪ್ಪಾಗಿ ಬರೆಯುವುದಕ್ಕಿಂತ ಬರೆಯದಿರುವುದೇ ವಾಸಿ. ಆದ್ದರಿಂದ ಯಂತ್ರ ಬದಲಿಸಿದ ಪ್ರತಿ ಸಾಲನ್ನೂ ಇಬ್ಬರು ಕುಳಿತು, ಒಬ್ಬರು ಓದಿ ಇನ್ನೊಬ್ಬರು ಮೂಲ ನೋಡಿ ಸರಿಪಡಿಸಿದೆವು.

ಗಡಿಯ ಈಚೆ ಕಾಸರಗೋಡಿನ ಕಡೆ ಇರುವ ನಮಗೆ ಇದರಿಂದ ಇನ್ನೊಂದು ಲಾಭವಾಯಿತು. ನಮ್ಮಲ್ಲಿ ಅನೇಕರ ಮನೆಮಾತು ಕೊಂಕಣಿ, ಅಜ್ಜ ಬರೆದದ್ದು ಕನ್ನಡದಲ್ಲಿ, ಮೊಮ್ಮಕ್ಕಳು ಶಾಲೆಯಲ್ಲಿ ಓದುವುದು ಮಲಯಾಳಂ. ಕನ್ನಡ ಕೇಳಿದರೆ ತಿಳಿಯುತ್ತದೆ, ಓದಲು ಬರುವುದಿಲ್ಲ ಎನ್ನುವ ಮಕ್ಕಳು ನಮ್ಮ ಕ್ಯಾಟೆಕಿಸಂ ತರಗತಿಯಲ್ಲೇ ಇದ್ದಾರೆ. ಯುನಿಕೋಡಿನಲ್ಲಿ ಭಾರತೀಯ ಲಿಪಿಗಳನ್ನು ಒಂದೇ ಕ್ರಮದಲ್ಲಿ ಜೋಡಿಸಿದ್ದಾರೆ. ಕನ್ನಡದ ಕ 3221ನೇ ಸಂಖ್ಯೆ, ಮಲಯಾಳಂನ ಕ 3349. ವ್ಯತ್ಯಾಸ 128. ಹೆಚ್ಚಿನ ಅಕ್ಷರಗಳಿಗೂ ಇದೇ 128. ಸಂಖ್ಯೆ ಕೂಡಿಸಿದರೆ ಕನ್ನಡದ ಹೆಸರು ಮಲಯಾಳಂ ಲಿಪಿಯಲ್ಲಿ ಬರುತ್ತದೆ! ಚಿಲ್ಲಕ್ಷರ ಮೊದಲಾದ ಕೆಲವನ್ನು ಮಾತ್ರ ಕೈಯಿಂದ ತಿದ್ದಬೇಕು. ಈಗ ಪಟ್ಟಿಯ ಪುಟದಲ್ಲಿ ಒಂದು ಬಟನ್ ಇದೆ. ಒತ್ತಿದರೆ ಮುತ್ತಜ್ಜನ ಹೆಸರು ಮೊಮ್ಮಗಳಿಗೆ ಓದಲು ಬರುವ ಲಿಪಿಯಲ್ಲಿ ಕಾಣುತ್ತದೆ.

ಧರ್ಮಸಭೆಗೆ ಇದು ಹೊಸ ಕೆಲಸವಲ್ಲ

ಬರಹವನ್ನು ಹಳೆಯ ವಸ್ತುವಿನಿಂದ ಹೊಸ ವಸ್ತುವಿಗೆ ದಾಟಿಸುವ ಕೆಲಸವನ್ನು ನಮ್ಮ ಹಿರಿಯರು ಬಹಳ ಹಿಂದೆಯೇ ಮಾಡಿದ್ದಾರೆ. ಪ್ಯಾಲೆಸ್ಟೀನಿನ ಸೆಜರೇಯ ಪಟ್ಟಣದಲ್ಲಿ ಒಂದು ಹೆಸರಾಂತ ಕ್ರೈಸ್ತ ಗ್ರಂಥಾಲಯವಿತ್ತು. ಅದನ್ನು ಬೆಳೆಸಿದ ಸಂತ ಪಾಂಫಿಲಸ್ 4ನೇ ಶತಮಾನದ ಆರಂಭದಲ್ಲಿ ಹುತಾತ್ಮರಾದರು. ಅಲ್ಲಿದ್ದ ಪಪೈರಸ್ ಪುಸ್ತಕಗಳು ಕಾಲ ಕಳೆದಂತೆ ಹಾಳಾಗತೊಡಗಿದವು. ಆಗ ಅಲ್ಲಿನ ಧರ್ಮಾಧ್ಯಕ್ಷರಾದ ಅಕಾಸಿಯಸ್ ಮತ್ತು ಯೂಜೋಯಸ್ ಅವುಗಳನ್ನು ಗಟ್ಟಿಯಾದ ಚರ್ಮದ ಹಾಳೆಗಳಿಗೆ ನಕಲು ಮಾಡಿಸಲು ಮುಂದಾದರು. ಇದನ್ನು ನಮಗೆ ತಿಳಿಸಿದವರು ಸಂತ ಜೆರೋಮ್, ಆ ಗ್ರಂಥಾಲಯವನ್ನು ಸ್ವತಃ ಬಳಸಿದವರು.

ಆ ಗ್ರಂಥಾಲಯ ಇಂದು ಇಲ್ಲ. ಆದರೆ ನಕಲಾಗಿ ಬೇರೆ ಊರುಗಳಿಗೆ ಹೋದ ಗ್ರಂಥಗಳು ಉಳಿದವು. ಪಾಲ್ ಜೋನ್ಸರ ಕಂಪ್ಯೂಟರಿನಲ್ಲಿ ಉಳಿದ ಪುಟದ ಕಥೆಯೂ ಇದೇ ತಾನೇ?

ಎರಡನೆಯ ಸಲ ನಾವು ಮಾಡಿದ್ದು

ಇಷ್ಟು ಓದಿದ ಮೇಲೆ ಮೊದಲಿನಿಂದ ಶುರುಮಾಡಿದೆವು. ಮೊದಲು ಸಿಡಿಯಲ್ಲಿದ್ದದ್ದನ್ನು ಒಂದಕ್ಷರವೂ ಮುಟ್ಟದೆ ನಕಲು ಮಾಡಿ ಮೂರು ಕಡೆ ಇಟ್ಟೆವು. ಚರ್ಚಿನ ಆಫೀಸಿನಲ್ಲಿ ಒಂದು, ಆಂಟಿಯ ಮನೆಯಲ್ಲಿ ಒಂದು, ಬೇರೆ ಊರಿನಲ್ಲಿ ಕೆಲಸದಲ್ಲಿರುವ ನಮ್ಮ ಗೆಳೆಯನ ಬಳಿ ಒಂದು.

ಹೊಸ ಸೈಟ್ ಕಟ್ಟಲು 2013ರಲ್ಲಿ ಬಂದ ಹ್ಯೂಗೊ ಎಂಬ ಉಚಿತ ಉಪಕರಣ ಬಳಸಿದೆವು. 2008ರ ಜೆಕಿಲ್ ಕೂಡ ಇದೇ ಬಗೆಯದು. ಸಾದಾ ಪಠ್ಯ ಕಡತಗಳನ್ನು ಕೊಟ್ಟರೆ ಇವು ಸಾದಾ ಎಚ್‌ಟಿಎಂಎಲ್ ಪುಟಗಳನ್ನು ಮಾಡಿಕೊಡುತ್ತವೆ. ಡೇಟಾಬೇಸ್ ಬೇಡ, ಪಾಸ್‌ವರ್ಡ್ ಮರೆತರೆ ಎಲ್ಲ ಮುಳುಗಿತು ಎಂಬ ಭಯ ಬೇಡ. ವಿಚಾರ ಮಾಡಿದರೆ ಇದು 1991ರ ದಾರಿಗೇ ಮರಳಿದಂತೆ. ನಡುವೆ ಮೆರೆದ ಫ್ಲಾಶ್ 2020ರ ಕೊನೆಗೆ ನಿಂತುಹೋಯಿತು, ಅದರಲ್ಲಿ ಮಾಡಿದ ಪುಟಗಳು ಸಾಮಾನ್ಯ ಬ್ರೌಸರಿನಲ್ಲಿ ತೆರೆಯುವುದಿಲ್ಲ. ಸಾದಾ ಪುಟ ಉಳಿದಿದೆ.

ಅವರ ವಾಕ್ಯಗಳನ್ನು ಅವರು ಬರೆದ ಹಾಗೆಯೇ ಇಟ್ಟೆವು, ಊರಿನ ಮಾತಿನ ಶಬ್ದಗಳ ಸಮೇತ. ತಪ್ಪು ಎಂದು ಕಂಡದ್ದನ್ನು ಕೆಳಗೆ ಟಿಪ್ಪಣಿಯಲ್ಲಿ ಹೇಳಿದೆವು. ಓಡುವ ಅಕ್ಷರಗಳನ್ನು ನಿಲ್ಲಿಸಿದೆವು, ಫೋನಿನಲ್ಲಿ ಓದಲಾಗುತ್ತಿರಲಿಲ್ಲ. ಮೇಣದಬತ್ತಿ ಮಾತ್ರ ತನ್ನ ಜಾಗದಲ್ಲೇ ಉರಿಯುತ್ತಿದೆ. ಹಳೆಯ ಪುಟದಲ್ಲಿದ್ದ, ಈಗ ಬದುಕಿರುವವರ ಫೋನ್ ನಂಬರುಗಳನ್ನು ತೆಗೆದೆವು. ಕೆಲವು ಅಡ್ಡಹೆಸರುಗಳ ಬಗ್ಗೆ ಆ ಮನೆಗಳಿಗೆ ಹೋಗಿ ಕೇಳಿದೆವು. ಒಂದು ಮನೆಯವರು ಬೇಡ ಎಂದರು, ತೆಗೆದೆವು. ಇನ್ನೊಂದು ಮನೆಯಲ್ಲಿ ಅಜ್ಜಿ ನಕ್ಕು, ಆ ಹೆಸರು ಹೇಗೆ ಬಂತು ಎಂಬ ಕಥೆಯನ್ನೇ ಹೇಳಿದರು.

ವಿಳಾಸವನ್ನು ಇನ್ನು ಬದಲಿಸುವುದಿಲ್ಲ ಎಂದು ತೀರ್ಮಾನಿಸಿದ್ದೇವೆ. ಪುಟಗಳ ವಿಳಾಸ ಬದಲಾಗಬಾರದು ಎಂದು ಬರ್ನರ್ಸ್-ಲೀ 1998ರಲ್ಲೇ ಬರೆದಿದ್ದರು. ಉಚಿತ ಜಾಗವನ್ನು ನಂಬಿ ಒಮ್ಮೆ ಕಳೆದುಕೊಂಡಾಗಿದೆ. ವಿಳಾಸದ ವರ್ಷದ ಹಣವನ್ನು ಯುವ ಸಂಘದ ಲೆಕ್ಕದಲ್ಲಿ ಸೇರಿಸಿದ್ದೇವೆ. ನಮ್ಮ ನಂತರ ಬರುವ ಪದಾಧಿಕಾರಿಗಳೇ, ದಯವಿಟ್ಟು ಇದನ್ನು ಮರೆಯಬೇಡಿ.

ಕೆಲಸ ಮುಗಿದ ಮೇಲೆ ಆಂಟಿಗೆ ಮತ್ತೆ ತೋರಿಸಿದೆವು. ಈ ಸಲ ಅವರು ಏನೂ ಕೇಳಲಿಲ್ಲ. ಪಟ್ಟಿಯ ಕೊನೆಗೆ ಬಂದು, "ಪಪ್ಪನ ಹೆಸರು ಇಲ್ಲಿ ಸೇರಿಸಬೇಕಲ್ಲ," ಎಂದರು. ಪಟ್ಟಿ ಮಾಡಿದವರ ಹೆಸರೇ ಪಟ್ಟಿಯಲ್ಲಿರಲಿಲ್ಲ. ಅವರ ಮುಂದೆಯೇ ಸೇರಿಸಿದೆವು. ಮನೆಯ ಹೆಸರು, ಊರವರು ಕರೆಯುತ್ತಿದ್ದ ಹೆಸರು. ಕೆಲಸ ಏನೆಂದು ಬರೆಯುವುದು ಎಂದು ಕೇಳಿದಾಗ ಅವರು ಸ್ವಲ್ಪ ಯೋಚಿಸಿ, "ಎಲ್ಲರ ಹೆಸರು ಬರೆದಿಟ್ಟವರು ಅಂತ ಬರೆಯಿರಿ," ಎಂದರು.

2004ರ ನಂತರ ತೀರಿಕೊಂಡವರ ವಿವರಗಳು ಇನ್ನೂ ಸೇರಿಲ್ಲ. ನಿಮ್ಮ ಮನೆಯ ಹಿರಿಯರ ಬಗ್ಗೆ ಎರಡು ಸಾಲು ಬರೆದುಕೊಡಿ, ಇಲ್ಲವೇ ಬಾಯಿಮಾತಿನಲ್ಲಿ ಹೇಳಿ, ನಾವೇ ಬರೆದುಕೊಳ್ಳುತ್ತೇವೆ. ಕಪಾಟಿನಲ್ಲಿ ಹಳೆಯ ಸಿಡಿ, ಫ್ಲಾಪಿ, ಕೈಬರಹದ ಪುಸ್ತಕ ಇದ್ದರೆ ಎಸೆಯಬೇಡಿ. ಪ್ರತಿ ಭಾನುವಾರ ಎರಡನೇ ಪೂಜೆಯ ಬಳಿಕ ಚರ್ಚಿನ ಆಫೀಸಿನ ಪಕ್ಕದ ಕೋಣೆಯಲ್ಲಿ ಇರುತ್ತೇವೆ. ಸಿಡಿ ಡ್ರೈವ್ ಇರುವ ಕಂಪ್ಯೂಟರ್ ಈಗ ಅಲ್ಲೇ ಇದೆ.